ಕೇಳುವುದು, ಹುಡುಕಿ ನೋಡುವುದು: ಕರಾವಳಿಯ ಹುಡುಗ ಹುಡುಗಿಯರ ಪದೇ ಪದೇ ಬರುವ ಪ್ರಶ್ನೆಗಳು

ಉಡುಪಿ ಸಮೀಪದ ಒಂದು ಪದವಿ ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷದಿಂದ ರಸಾಯನಶಾಸ್ತ್ರ ಪಾಠ ಮಾಡುತ್ತಿದ್ದೇನೆ. ಬಿಡುವಿನ ಶನಿವಾರಗಳಲ್ಲಿ ಮಂಗಳೂರಿನಿಂದ ಕುಂದಾಪುರದವರೆಗಿನ ಶಾಲೆ, ಪಿಯು ಕಾಲೇಜುಗಳವರು ಮಕ್ಕಳ ಜತೆ ಮಾತಾಡಲು ಕರೆಯುತ್ತಾರೆ, ಹೋಗುತ್ತೇನೆ. ವೇದಿಕೆಯ ಮೇಲಿದ್ದಾಗ 'ಪ್ರಶ್ನೆ ಉಂಟಾ?' ಎಂದು ಕೇಳಿದರೆ ಒಬ್ಬರೂ ಬಾಯಿ ಬಿಡುವುದಿಲ್ಲ. ಚಹಾ ಹೊತ್ತಿಗೆ, ಬಸ್ ಸ್ಟ್ಯಾಂಡಿನಲ್ಲಿ, ಮನೆ ಮುಟ್ಟಿದ ಮೇಲೆ ಫೋನಿನಲ್ಲಿ ಒಂದೊಂದಾಗಿ ಹೊರಗೆ ಬರುತ್ತವೆ. ಅವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ತಿನ್ನುವಂಥದ್ದು ಆಮೇಲೆ.

## ಮೊದಲ ಪಾಠ

ಕ್ರಿಟಿಕಲ್ ಥಿಂಕಿಂಗ್ ಅಂದ್ರೆ ಎಲ್ಲದರಲ್ಲೂ ತಪ್ಪು ಹುಡುಕುದಾ ಮೇಡಂ?

ಈ ಗೊಂದಲಕ್ಕೆ ಅರ್ಧ ಕಾರಣ ಪದವೇ. ಕನ್ನಡದಲ್ಲಿ 'ವಿಮರ್ಶಾತ್ಮಕ ಚಿಂತನೆ' ಎನ್ನುತ್ತೇವೆ. 'ವಿಮರ್ಶೆ' ಎಂದ ಕೂಡಲೇ ಯಾರೋ ಯಾರನ್ನೋ ಹರಿದು ಹಾಕಿದ್ದಾರೆ ಎಂದೇ ಮಕ್ಕಳಿಗೆ ಅನಿಸುತ್ತದೆ. ನಾನು 'ನೋಡಿ ಒಪ್ಪುವುದು' ಎಂದು ಹೇಳಿಕೊಡುತ್ತೇನೆ.

ಅಡಿಕೆ ತೋಟ ಇರುವ ಮನೆಯ ಮಕ್ಕಳಿಗೆ ಇದು ಹೊಸತೂ ಅಲ್ಲ. ಮಳೆ ಹಿಡಿಯುವ ಮುಂಚೆ ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡುತ್ತಾರಲ್ಲ, ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟು), ಒಂದು ಕಿಲೋ ಸುಣ್ಣ, ಒಟ್ಟು 100 ಲೀಟರ್ ನೀರು. ತೂಕ ಸರಿಯಾಗಿಯೇ ಹಾಕಿದ್ದರೂ ಬಲ್ಲ ಹಿರಿಯರು ಹೊಳೆಯುವ ಕಬ್ಬಿಣದ ಕತ್ತಿಯೊಂದನ್ನು ಡ್ರಮ್ಮಿಗೆ ಅದ್ದಿ ಸ್ವಲ್ಪ ಹೊತ್ತು ಹಿಡಿಯುತ್ತಾರೆ. ಅಲಗಿನ ಮೇಲೆ ಕೆಂಪು ಕೂತಿತೋ, ತಾಮ್ರ ಇನ್ನೂ ಬಿಡಿಯಾಗಿ ಉಳಿದಿದೆ, ಸುಣ್ಣ ಸಾಲದು ಎಂದರ್ಥ. ಹಾಗೇ ಬಿಟ್ಟರೆ ಎಲೆ ಸುಡುತ್ತದೆ. ಇನ್ನಷ್ಟು ಸುಣ್ಣದ ನೀರು ಹೊಯ್ದು, ಕತ್ತಿ ಒರೆಸಿ, ಮತ್ತೆ ಅದ್ದುತ್ತಾರೆ. ಸುಣ್ಣ ಮಾರಿದ ಅಂಗಡಿಯವರನ್ನು ಅವರು ಬೈಯುವುದಿಲ್ಲ, ತೂಕ ಮಾಡಿದ ಮಗನ ಮೇಲೆ ಅನುಮಾನವೂ ಇಲ್ಲ. ಮದ್ದು ಮರಕ್ಕೆ ಏರುವ ಮೊದಲು ಒಮ್ಮೆ ನೋಡಿಕೊಂಡರು. ನೀವು ಕೇಳಿದ ಕ್ರಿಟಿಕಲ್ ಥಿಂಕಿಂಗ್ ಆ ಕತ್ತಿಯ ಕೆಲಸವೇ.

ನಮ್ಮದು ಬುದ್ಧಿವಂತರ ಜಿಲ್ಲೆ. ನಮಗೆ ಇದನ್ನೆಲ್ಲ ಬೇರೆ ಹೇಳಿಕೊಡ್ಬೇಕಾ?

ಬೇಕು, ಬೇಸರ ಮಾಡಿಕೊಳ್ಳಬೇಡಿ. ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶದ ದಿನ ಉಡುಪಿ, ದಕ್ಷಿಣ ಕನ್ನಡ ಮೊದಲೆರಡು ಸ್ಥಾನದಲ್ಲಿ ಇರುವುದು ನಮಗೆ ಅಭ್ಯಾಸವೇ ಆಗಿಹೋಗಿದೆ. ಅದು ಮಕ್ಕಳ, ಮೇಷ್ಟ್ರುಗಳ ದುಡಿಮೆ, ಅದನ್ನು ಹಗುರ ಮಾಡಲಾರೆ. ಆದರೆ ಪರೀಕ್ಷೆ ಕೇಳುವುದು ಉತ್ತರವನ್ನು. ಪ್ರಶ್ನೆ ಹುಟ್ಟಿಸುವುದಕ್ಕೆ ಅದು ಅಂಕ ಕೊಡುವುದಿಲ್ಲ.

ಒಂದು ವರ್ಷ ಮೊದಲ ಬಿಎಸ್ಸಿ ತರಗತಿಯಲ್ಲಿ ಬೇಕೆಂದೇ ಬೋರ್ಡಿನ ಮೇಲೆ ಬರೆದೆ: 'ಶುದ್ಧ ನೀರು ಎಲ್ಲಿ ಕುದಿಸಿದರೂ 100 ಡಿಗ್ರಿಯಲ್ಲೇ ಕುದಿಯುತ್ತದೆ.' ಅರುವತ್ತು ಚಿಲ್ಲರೆ ಪೆನ್ನುಗಳು ಒಟ್ಟಿಗೆ ಓಡಿದವು. ಕೆಲವರು ಅಡಿಗೆರೆ ಕೂಡ ಎಳೆದರು. ಆ ತರಗತಿಯಲ್ಲಿ ಕುದುರೆಮುಖ ಹತ್ತಿ ಬಂದವರೇ ಏಳೆಂಟು ಮಂದಿ. ಸುಮಾರು 1,890 ಮೀಟರ್ ಎತ್ತರದ ಆ ತುದಿಯಲ್ಲಿ ಗಾಳಿಯ ಒತ್ತಡ ಕಡಿಮೆ, ನೀರು 94 ಡಿಗ್ರಿ ಹತ್ತಿರವೇ ಕುದಿಯುತ್ತದೆ. ಒತ್ತಡ, ಕುದಿಬಿಂದು ಎರಡನ್ನೂ ಪಿಯುಸಿಯಲ್ಲಿ ಓದಿ ಅಂಕ ತೆಗೆದವರೇ ಎಲ್ಲ. ಹಿಂದಿನ ಬೆಂಚಿನ ಒಬ್ಬ ಹುಡುಗ, ಹಾಜರಿಯಲ್ಲಿ ಅಷ್ಟೇನೂ ಹೆಸರಿಲ್ಲದವನು, ಮೆಲ್ಲಗೆ ಕೇಳಿದ: "ಎಲ್ಲಿ ಕುದಿಸಿದ್ದು ಮೇಡಂ?" ಆ ದಿನದ ಪಾಠ ಅವನೇ ಮಾಡಿದ.

ತಾಳಮದ್ದಲೆ ಕೇಳಿ ಬೆಳೆದವರು ನಾವು. ವಾದ ಮಾಡ್ಲಿಕ್ಕೆ ನಮಗಿಂತ ಬೇಕಾ?

ಇದು ನನಗೆ ಇಷ್ಟದ ಪ್ರಶ್ನೆ. ತಾಳಮದ್ದಲೆ ಅಂದರೆ ಯಕ್ಷಗಾನವೇ, ಆದರೆ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳಿದ ಮೇಲೆ ಅರ್ಥಧಾರಿಗಳು ಎದುರುಬದುರು ಕೂತು, ಬರೆದಿಟ್ಟ ಒಂದು ಸಾಲೂ ಇಲ್ಲದೆ ಗಂಟೆಗಟ್ಟಲೆ ತರ್ಕ ಮಾಡುತ್ತಾರೆ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ವಾಲಿ ಕೇಳುವಾಗ ಸಭೆಯೇ ರಾಮನ ಮುಖ ನೋಡುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನೋ ರಾವಣನನ್ನೋ ಕೇಳಿದವರು ಇವತ್ತಿಗೂ ಆ ಮಾತು ತೆಗೆದರೆ ನೆಟ್ಟಗೆ ಕೂರುತ್ತಾರೆ.

ಆದರೆ ಒಂದು ವ್ಯತ್ಯಾಸ ಉಂಟು. ವಾಲಿ ಎಷ್ಟೇ ಚೆನ್ನಾಗಿ ವಾದಿಸಲಿ, ಪ್ರಸಂಗ ಮುಗಿಯುವಾಗ ಅವನು ಸಾಯಲೇಬೇಕು. ಕೊನೆ ಮೊದಲೇ ನಿಗದಿ, ಅರ್ಥಧಾರಿಯ ಪಕ್ಷವೂ ನಿಗದಿ. ಸಂಶೋಧನೆಯಲ್ಲಿ ಪ್ರಸಂಗ ಇನ್ನೂ ಬರೆದಾಗಿಲ್ಲ. ನಮ್ಮ ಹುಡುಗರು ಮೊಬೈಲಿನಲ್ಲಿ ವಾದಕ್ಕೆ ಇಳಿದಾಗ ಮಾತಿನ ಪಟ್ಟೆಲ್ಲ ತಾಳಮದ್ದಲೆಯದ್ದೇ. ಗೆಲ್ಲಬೇಕು, ಎದುರಿನವ ತಡವರಿಸಬೇಕು. ಮಾತು ಸರಿಯೋ ತಪ್ಪೋ ಎಂಬುದು ಆ ಗದ್ದಲದಲ್ಲಿ ಯಾರಿಗೂ ನೆನಪಿರುವುದಿಲ್ಲ.

ತಾಳಮದ್ದಲೆಯಿಂದ ಕಲಿಯಬೇಕಾದದ್ದು ಬೇರೊಂದಿದೆ. ಇವತ್ತು ವಾಲಿ ಆದವರೇ ನಾಳೆ ಇನ್ನೊಂದು ಊರಿನಲ್ಲಿ ರಾಮ ಆಗುತ್ತಾರೆ, ಅದಕ್ಕೇ ಅವರಿಗೆ ಎರಡೂ ಕಡೆಯ ಬಲ ಗೊತ್ತು. ಇದರ ಬೇರು ಹಳೆಯದು. ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರ ಕಾಲದಿಂದ ಉಡುಪಿಯ ಮಠಗಳಲ್ಲಿ ನಡೆದುಬಂದ ಶಾಸ್ತ್ರಚರ್ಚೆಯಲ್ಲಿ ಮೊದಲು ಪೂರ್ವಪಕ್ಷ ಹೇಳಬೇಕು. ಎದುರಾಳಿಯ ಮಾತನ್ನು ಅವನೇ 'ಹೌದು, ಇದೇ ನನ್ನ ವಾದ' ಎನ್ನುವಷ್ಟು ಸರಿಯಾಗಿ. ಸಿದ್ಧಾಂತ ಆಮೇಲೆ. ನನ್ನ ತರಗತಿಯಲ್ಲಿ ಚರ್ಚೆ ಅರ್ಧಕ್ಕೆ ಬಂದಾಗ ಗಂಟೆ ಬಾರಿಸಿ ಪಾತ್ರ ಬದಲಿಸುತ್ತೇನೆ: ಪರ ಇದ್ದವರು ವಿರೋಧಕ್ಕೆ, ವಿರೋಧ ಇದ್ದವರು ಪರಕ್ಕೆ. ಮೊದಲ ಸಲ ಎಲ್ಲರೂ ಗೊಣಗುತ್ತಾರೆ. ಮೂರನೇ ಸಲಕ್ಕೆ ಪೂರ್ವಪಕ್ಷವನ್ನು ತಾವಾಗಿಯೇ ಓದಿಕೊಂಡು ಬರುತ್ತಾರೆ, ಗಂಟೆ ಯಾವಾಗ ಬಾರಿಸುತ್ತದೋ ಎಂಬ ಹೆದರಿಕೆಗೆ.

ಮನೆಯಲ್ಲಿ 'ಯಾಕೆ' ಅಂತ ಕೇಳಿದ್ರೆ ಎದುರು ಮಾತಾಡ್ತಿ ಅಂತಾರೆ. ಎಂತ ಮಾಡುದು?

'ಯಾಕೆ' ಎಂಬ ಪದವೇ ಕಟುವಾಗಿ ಕೇಳಿಸುತ್ತದೆ. 'ಅಪ್ಪ, ಅದು ನಿಮಗೆ ಹೇಗೆ ಗೊತ್ತಾದದ್ದು?' ಎಂದು ಕೇಳಿ ನೋಡಿ. ಹಿರಿಯರಿಗೆ ಹೇಳುವುದಕ್ಕೆ ಕಥೆ ಇರುತ್ತದೆ, ಆ ಕಥೆಯಲ್ಲೇ ಸಾಕ್ಷಿ ಎಷ್ಟು, ಕೇಳಿದ ಸುದ್ದಿ ಎಷ್ಟು ಎಂಬುದೂ ಇರುತ್ತದೆ. ಊಟದ ಹೊತ್ತಿಗೆ, ನೆಂಟರ ಎದುರಿಗೆ ಮಾತ್ರ ಬೇಡ.

ದೈವದ ವಿಷಯದಲ್ಲಿ ಪ್ರಶ್ನೆ ಕೇಳಬಹುದಾ? ಹೆದರಿಕೆ ಆಗ್ತದೆ.

ಹೆದರಿಕೆಯ ಜತೆಗೆ ಗೌರವವೂ ಇದೆ ಎಂದುಕೊಳ್ಳುತ್ತೇನೆ. ಪ್ರಶ್ನೆಗಳಲ್ಲಿ ಹಲವು ಬಗೆ. ದೈವದ ಕಥೆ ಹೇಳುವ ಈ ಪಾಡ್ದನ (ತುಳು ಹಾಡು) ಮೊದಲು ಯಾವ ಊರಿನದ್ದು, ಈ ಕಟ್ಟುಕಟ್ಟಳೆಯಲ್ಲಿ ಯಾವ ಮನೆತನಕ್ಕೆ ಯಾವ ಕೆಲಸ, ಆ ಕೆಲಸ ಅವರಿಗೇ ಯಾಕೆ ಬಂತು, ಹೆಂಗಸರಿಗೆ ಎಲ್ಲಿ ಜಾಗ, ಇವೆಲ್ಲ ಚರಿತ್ರೆಯ, ಸಮಾಜದ ಪ್ರಶ್ನೆಗಳು. ಕೇಳಲೇಬೇಕು, ಕೇಳಿದವರೂ ಇದ್ದಾರೆ. ಮಾಚಾರಿನ ಗೋಪಾಲ ನಾಯ್ಕರು ತುಳುವಿನಲ್ಲಿ ಹೇಳಿದ, ಸಿರಿ ಎಂಬ ದೈವದ ಕಾವ್ಯವನ್ನು ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ಅವರು ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರ ಜತೆ ಸೇರಿ ದಾಖಲಿಸಿದರು. 1998ರಲ್ಲಿ ಅಚ್ಚಾದಾಗ ಅದು 15,683 ಸಾಲು. ಅಷ್ಟೂ ಸಾಲನ್ನು ಕೇಳಿ, ಬರೆದು, ಅರ್ಥ ವಿಚಾರಿಸುವುದಕ್ಕೆ ಎಷ್ಟು ಪ್ರಶ್ನೆ ಬೇಕಾಗಿರಬಹುದು, ನೀವೇ ಯೋಚಿಸಿ. ಯಾವ ಪ್ರಶ್ನೆಯಿಂದಲೂ ಸಿರಿ ಸಣ್ಣವಳಾಗಲಿಲ್ಲ.

ಇನ್ನೊಂದು ಬಗೆ: ದೈವದ ಹೆಸರು ಹೇಳಿ ಯಾರಾದರೂ ಕಾಯಿಲೆ ಗುಣ ಮಾಡುತ್ತೇನೆ ಎಂದರೆ, ದುಡ್ಡು ಕೇಳಿದರೆ, ಅದು ದೈವದ ಪ್ರಶ್ನೆಯೇ ಅಲ್ಲ, ಆ ಮನುಷ್ಯನ ಮಾತಿನ ಪ್ರಶ್ನೆ. ಅಲ್ಲಿ ಧೈರ್ಯವಾಗಿ ಕೇಳಿ. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದನ್ನು 1976ರ ತಿದ್ದುಪಡಿಯಲ್ಲಿ ಸಂವಿಧಾನವೇ ನಾಗರಿಕರ ಮೂಲಭೂತ ಕರ್ತವ್ಯಗಳ ಸಾಲಿಗೆ ಸೇರಿಸಿದೆ, 51ಎ ವಿಧಿ. ನಂಬಿಕೆಯ ಪ್ರಶ್ನೆ ಮಾತ್ರ ನಿಮ್ಮದು, ಅದಕ್ಕೆ ನನ್ನ ಅಪ್ಪಣೆ ಬೇಡ.

## ಮೊಬೈಲು, ಮದ್ದು, ಭಾಷೆ

'ನಾಳೆ ಶಾಲೆಗೆ ರಜೆ' ಅಂತ ಬರ್ತದಲ್ಲ, ಅದು ನಿಜವಾ ಸುಳ್ಳಾ ಅಂತ ಹೇಗೆ ಗೊತ್ತಾಗುದು?

ಜುಲೈ ತಿಂಗಳಲ್ಲಿ ಇದಕ್ಕಿಂತ ದೊಡ್ಡ ಸಂಶೋಧನಾ ವಿಷಯ ಕರಾವಳಿಯಲ್ಲಿ ಇಲ್ಲ. ರಾತ್ರಿ ಎಂಟಕ್ಕೆ ಜಿಲ್ಲಾಧಿಕಾರಿಗಳ ಆದೇಶದ ಫೋಟೋ ಬರುತ್ತದೆ, ಸಹಿ, ಮುದ್ರೆ ಎಲ್ಲ ಉಂಟು. ತಾರೀಕು ನೋಡಿ. ತಾರೀಕಿಗೂ ವಾರಕ್ಕೂ ತಾಳೆ ಆಗುತ್ತದಾ ನೋಡಿ, ಹೋದ ವರ್ಷದ ಆದೇಶವನ್ನು ತಿದ್ದಿದವರು ಹೆಚ್ಚಾಗಿ ವಾರ ತಿದ್ದಲು ಮರೆತಿರುತ್ತಾರೆ. ಯಾವ ತಾಲೂಕು, ಅಂಗನವಾಡಿಯಿಂದ ಎಷ್ಟನೇ ತರಗತಿವರೆಗೆ ಎಂದು ಬರೆದಿದೆಯಾ? ಜಿಲ್ಲಾಡಳಿತದ ಸ್ವಂತ ಪುಟದಲ್ಲಿ ಬಂದಿದೆಯಾ? ಹೆಡ್ ಮೇಷ್ಟ್ರು ಗ್ರೂಪಿಗೆ ಹಾಕಿದ್ದಾರಾ?

ಇದೆಲ್ಲ ನಾನು ಹುಡುಗರಿಗೆ ಹೇಳಿಕೊಟ್ಟದ್ದಲ್ಲ, ಅವರು ನನಗೆ ಹೇಳಿಕೊಟ್ಟದ್ದು. ಒಂಬತ್ತನೇ ತರಗತಿಯ ಒಬ್ಬ ನಾಲ್ಕು ನಿಮಿಷದಲ್ಲಿ ಸುಳ್ಳು ಆದೇಶ ಹಿಡಿದ ಬಗೆಯನ್ನು ಪತ್ತೇದಾರಿಯ ಹಾಗೆ ವಿವರಿಸಿದ. ಅದೇ ಹುಡುಗ ಆ ವಾರವೇ 'ಈ ಹಣ್ಣು ತಿಂದು ಕೋಲಾ ಕುಡಿದರೆ ಸಾವು ಖಚಿತ' ಎಂಬುದನ್ನು ಹನ್ನೊಂದು ಜನಕ್ಕೆ ಕಳಿಸಿದ್ದ. ಯುವಜನರಿಗೆ ವಿವೇಚನೆ ಇಲ್ಲ ಎಂದು ಭಾಷಣ ಮಾಡುವವರನ್ನು ನಾನು ಒಪ್ಪದೇ ಇರುವುದು ಇದಕ್ಕೇ. ಶಕ್ತಿ ಉಂಟು. ರಜೆಯ ವಿಷಯದಲ್ಲಿ ಮೋಸ ಹೋದರೆ ನಷ್ಟ ತನಗೆ, ಬೆಳಿಗ್ಗೆ ಯೂನಿಫಾರ್ಮ್ ಇಲ್ಲದೆ ಸಿಕ್ಕಿಬೀಳುತ್ತಾನೆ. ಹಣ್ಣಿನ ಸುದ್ದಿಯಲ್ಲಿ ನಷ್ಟ ಬೇರೆ ಯಾರಿಗೋ.

ನಮ್ಮ ಅಜ್ಜನಿಗೆ ಕಾಮಾಲೆಗೆ ನಾಟಿ ಮದ್ದು ಕೊಟ್ಟು ಗುಣ ಆಗಿದೆ. ಅದು ಸಾಕ್ಷಿ ಅಲ್ವಾ?

ಗುಣ ಆದದ್ದು ನಿಜ. ಮದ್ದಿನಿಂದಲೇ ಆಯಿತು ಎನ್ನಲು ಇನ್ನೊಂದು ವಿಷಯ ತಿಳಿಯಬೇಕು: ಮದ್ದು ಕೊಡದೆ ಇದ್ದಿದ್ದರೆ ಏನಾಗುತ್ತಿತ್ತು? ಕೆಟ್ಟ ನೀರಿನಿಂದ ಹರಡುವ ಹೆಪಟೈಟಿಸ್ ಎ ಬಗೆಯ ಕಾಮಾಲೆ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆ ಹೊತ್ತಿನಲ್ಲಿ ಏನು ಕೊಟ್ಟಿದ್ದರೂ ಹೆಸರು ಅದಕ್ಕೇ ಬರುತ್ತದೆ, ಬೊಂಡದ ನೀರಿಗೂ ಬರುತ್ತದೆ.

ಹಾಗೆಂದು ಮದ್ದು ಸುಳ್ಳು ಎಂದೂ ಇದರಿಂದ ಸಾಬೀತಾಗಲಿಲ್ಲ. ಕೊಟ್ಟವರ ಗುಂಪು, ಕೊಡದವರ ಗುಂಪು, ಎರಡನ್ನೂ ಒಂದೇ ಕಣ್ಣಿನಿಂದ ನೋಡದೆ ಎರಡೂ ಕಡೆಗೆ ತೀರ್ಪಿಲ್ಲ. ಆದರೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಎಲ್ಲ ಕಾಮಾಲೆಯೂ ಹೆಪಟೈಟಿಸ್ ಎ ಅಲ್ಲ. ಪಿತ್ತಕೋಶದ ಕಲ್ಲು, ಇಲಿಜ್ವರ, ಹೆಪಟೈಟಿಸ್ ಬಿ, ಕ್ಯಾನ್ಸರ್ ಕೂಡ ಕಣ್ಣನ್ನು ಹಳದಿ ಮಾಡುತ್ತವೆ. ರಕ್ತ ಪರೀಕ್ಷೆ ಮಾಡಿಸದೆ ಕಾಯುವುದು ಬೇಡ.

ಚಾಟ್‌ಜಿಪಿಟಿ ಕೇಳಿದ್ರೆ ಎಲ್ಲ ಹೇಳ್ತದೆ. ಲೈಬ್ರರಿಗೆ ಯಾಕೆ ಹೋಗ್ಬೇಕು?

ಕೇಳಿ, ನಾನೂ ಕೇಳುತ್ತೇನೆ. ಮೇಲೆ ಹೇಳಿದ ಕತ್ತಿಯನ್ನು ಮಾತ್ರ ಕೈಯಲ್ಲಿ ಹಿಡಿದುಕೊಂಡೇ ಕೇಳಿ. ನಮ್ಮಲ್ಲಿ ಒಬ್ಬಳು ಅದನ್ನೇ ಕೇಳಿ ಕನ್ನಡ ಪತ್ರಿಕೋದ್ಯಮದ ಬಗ್ಗೆ ಅಸೈನ್‌ಮೆಂಟ್ ಬರೆದು ತಂದಳು. ಭಾಷೆ ಚೊಕ್ಕ. ಮೊದಲ ಪ್ಯಾರಾದಲ್ಲೇ ಇತ್ತು: 'ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವನ್ನು 1843ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಫರ್ಡಿನೆಂಡ್ ಕಿಟೆಲ್ ಹೊರತಂದರು.' ವರ್ಷ ಸರಿ, ಊರು ಸರಿ, ಬಾಸೆಲ್ ಮಿಷನ್ ಸರಿ. ಕಿಟೆಲ್ ಹುಟ್ಟಿದ್ದು 1832ರಲ್ಲಿ. ಹನ್ನೊಂದು ವರ್ಷದ ಹುಡುಗ ಜರ್ಮನಿಯಿಂದ ಬಂದು ಮಂಗಳೂರಿನಲ್ಲಿ ಪತ್ರಿಕೆ ಮಾಡಿದನೇ? ಪತ್ರಿಕೆ ಮಾಡಿದವರು ಹರ್ಮನ್ ಮೊಗ್ಲಿಂಗ್. ಕಿಟೆಲ್ ಬಂದದ್ದು ಹತ್ತು ವರ್ಷದ ಮೇಲೆ, ಅವರ ನಿಘಂಟು ಅಚ್ಚಾದದ್ದು 1894ರಲ್ಲಿ.

ಇಂಥ ಯಂತ್ರದ ತಪ್ಪು ಹೀಗೆಯೇ ಇರುತ್ತದೆ, ನಿಜದ ಪಕ್ಕದಲ್ಲೇ ಕೂತಿರುತ್ತದೆ. ಕಂಡುಹಿಡಿಯಲು ದೊಡ್ಡ ವಿದ್ಯೆ ಬೇಡ, ಎರಡು ಇಸವಿ ಪಕ್ಕಪಕ್ಕ ಇಟ್ಟು ಕಳೆಯುವ ಲೆಕ್ಕ ಮಾಡಿದರೆ ಸಾಕು. ಹುಡುಗಿ ಅಳುಮುಖ ಮಾಡಿಕೊಂಡಳು. ಸಂಜೆ ಹೊತ್ತಿಗೆ ಅಸೈನ್‌ಮೆಂಟಿನಲ್ಲಿ ಇನ್ನೂ ಎರಡು ತಪ್ಪನ್ನು ತಾನೇ ಹುಡುಕಿ ತಂದಳು, ಅದರಲ್ಲೊಂದು ನನಗೆ ಕಂಡಿರಲಿಲ್ಲ.

ನಾನು ಕನ್ನಡ ಮೀಡಿಯಂ. ರಿಸರ್ಚ್ ಎಲ್ಲ ಇಂಗ್ಲಿಷಿನಲ್ಲಿ. ನನ್ನಿಂದ ಆಗ್ತದಾ?

ಪ್ರಬಂಧ ಓದುವುದಕ್ಕೆ, ಬರೆಯುವುದಕ್ಕೆ ಇಂಗ್ಲಿಷ್ ಬೇಕು, ಸುಳ್ಳು ಸಮಾಧಾನ ಹೇಳುವುದಿಲ್ಲ. ಆದರೆ ಪ್ರಶ್ನೆ ಹುಟ್ಟುವುದು ನೀವು ಮನೆಯಲ್ಲಿ ಮಾತಾಡುವ ಭಾಷೆಯಲ್ಲಿ. ನಮ್ಮಲ್ಲಿ ಒಂದೇ ಬೆಂಚಿನಲ್ಲಿ ತುಳು, ಕೊಂಕಣಿ, ಬ್ಯಾರಿ, ಕುಂದಗನ್ನಡ ನಾಲ್ಕೂ ಕೂತಿರುತ್ತವೆ. ಪ್ರಶ್ನೆಯನ್ನು ಮೊದಲು ಅದರಲ್ಲೇ ಬರೆಯಿರಿ. ಅಲ್ಲಿ ಸ್ಪಷ್ಟ ಆಗದ್ದು ಇಂಗ್ಲಿಷಿನಲ್ಲೂ ಆಗುವುದಿಲ್ಲ, ದೊಡ್ಡ ಪದದ ಹಿಂದೆ ಅಡಗಿ ಕೂರುತ್ತದೆ.

ಇಲ್ಲಿಯ ಮಾತನ್ನೇ ವಿಷಯ ಮಾಡಿಕೊಂಡ ಸಂಶೋಧನೆ ಎಷ್ಟು ದೊಡ್ಡದಾಗಬಹುದು ಎಂದು ನೋಡಬೇಕಿದ್ದರೆ ಉಡುಪಿ ಎಂಜಿಎಂ ಕಾಲೇಜಿನ ಆವರಣದ ಗೋವಿಂದ ಪೈ ಸಂಶೋಧನ ಕೇಂದ್ರಕ್ಕೆ ಹೋಗಿ. ಯು.ಪಿ. ಉಪಾಧ್ಯಾಯರ ಮುಂದಾಳತ್ವದಲ್ಲಿ ಆರು ಸಂಪುಟದ ತುಳು ನಿಘಂಟು ತಯಾರಾದದ್ದು ಅಲ್ಲಿ. ಒಂದು ಸಂಪುಟ ಕೈಗೆತ್ತಿಕೊಂಡು ನಿಮ್ಮ ಅಜ್ಜಿ ಮಾತ್ರ ಹೇಳುವ ಒಂದು ಪದವನ್ನು ಹುಡುಕಿ. ಸಿಕ್ಕಿದರೆ ಖುಷಿ. ಸಿಗದಿದ್ದರೆ ನಿಮಗೊಂದು ಕೆಲಸ ಸಿಕ್ಕಿತು.

## ಸಂಶೋಧನೆಗೆ ಇಳಿದವರಿಗೆ

ಸಂಶೋಧನೆಗೆ ಲ್ಯಾಬ್ ಬೇಕಲ್ವಾ? ಮನೆಯಲ್ಲಿ ಎಂತ ಮಾಡ್ಲಿಕ್ಕೆ ಆಗ್ತದೆ?

ಒಂದು ಬಾವಿಯ ಕಥೆ ಹೇಳುತ್ತೇನೆ.

ಸುವರ್ಣಾ ಹೊಳೆ ಕೋಡಿ ಬೆಂಗ್ರೆ ಬಳಿ ಕಡಲು ಸೇರುವ ಕಡೆ ನನ್ನ ಒಬ್ಬ ವಿದ್ಯಾರ್ಥಿನಿಯ ಮನೆ. ಹಿತ್ತಲ ಹೊಯಿಗೆಯಲ್ಲಿ ಒಂದು ರಿಂಗ್ ಬಾವಿ. ಪಕ್ಕದ ಮನೆಯವರು ಹೊಸ ಪಂಪು ಹಾಕಿದ ಮೇಲೆ ತಮ್ಮ ಬಾವಿಯ ನೀರು ಇಳಿಯುತ್ತಿದೆ ಎಂದು ಅವಳ ಅಪ್ಪನ ದೂರು. ಎರಡು ಮನೆಯ ನಡುವೆ ಮಾತು ನಿಲ್ಲುವ ಹಂತ. ಅಳೆದು ನೋಡು ಎಂದೆ. ದರ್ಜಿಯ ಟೇಪನ್ನು ಹಗ್ಗಕ್ಕೆ ಹೊಲಿದು, ತುದಿಗೆ ಕಲ್ಲು ಕಟ್ಟಿ, ಜನವರಿಯಿಂದ ಪ್ರತಿ ಭಾನುವಾರ ಬೆಳಿಗ್ಗೆ ಏಳಕ್ಕೆ ಅಳೆದು ನೋಟ್ ಪುಸ್ತಕದಲ್ಲಿ ಬರೆದಳು.

ಮಾರ್ಚ್ ಮೊದಲ ವಾರ ಪುಸ್ತಕ ತಂದಳು. ಒಂದು ವಾರ ನೀರು ಮೇಲೆ, ಮರುವಾರ ಕೆಳಗೆ, ಮತ್ತೆ ಮೇಲೆ. ಒಂದು ಗೇಣಿನ ವ್ಯತ್ಯಾಸ. "ಪಕ್ಕದವರು ವಾರ ಬಿಟ್ಟು ವಾರ ತೋಟಕ್ಕೆ ಬಿಡ್ತಾರೆ ಮೇಡಂ, ಅಪ್ಪ ಹೇಳಿದ್ದು ಸರಿ" ಎಂದಳು. ಕೇಳಲು ಚೆನ್ನಾಗಿತ್ತು, ನಾನೂ ಬಹುಪಾಲು ಒಪ್ಪಿದ್ದೆ. ಶಿವರಾತ್ರಿ ಜಾಗರಣೆಯ ದಿನ ಹೇಗೂ ನಿದ್ದೆ ಇಲ್ಲವೆಂದು ಎರಡು ಗಂಟೆಗೊಮ್ಮೆ ಅಳೆದಳು. ರಾತ್ರಿ ಎಲ್ಲ ಪಂಪುಗಳೂ ಬಂದ್. ನೀರು ಮಾತ್ರ ತನ್ನಷ್ಟಕ್ಕೆ ಏರಿತು, ಇಳಿಯಿತು, ಮತ್ತೆ ಏರಿತು.

ಕಡಲಿನ ಉಬ್ಬರ ಇಳಿತ. ಹನ್ನೆರಡೂವರೆ ಗಂಟೆಗೆ ಸ್ವಲ್ಪ ಕಡಿಮೆಗೆ ಒಂದು ಸುತ್ತು, ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಏಳು ದಿನಕ್ಕೆ ಆರು ಗಂಟೆಯಷ್ಟು, ಅಂದರೆ ಹೆಚ್ಚುಕಮ್ಮಿ ಅರ್ಧ ಸುತ್ತು. ಇವಳು ಭಾನುವಾರ ಏಳಕ್ಕೆ ಅಳೆದದ್ದು ಒಂದು ವಾರ ಉಬ್ಬರದ ಹೊತ್ತಿಗೆ ಸಿಕ್ಕಿತ್ತು, ಮರುವಾರ ಇಳಿತದ ಹೊತ್ತಿಗೆ. ಶಿಸ್ತಿನಿಂದ ಅಳೆದದ್ದೇ ಅವಳ ದಾರಿ ತಪ್ಪಿಸಿತ್ತು! ಸಂಶೋಧನಾ ವಿಧಾನದ ಪುಸ್ತಕದಲ್ಲಿ ನೂರು ಪುಟ ಓದಿದರೂ ಈ ಪಾಠ ಇಷ್ಟು ಚೆನ್ನಾಗಿ ತಲೆಗೆ ಹೋಗುವುದಿಲ್ಲ. ಮನೆಯ ಅಜ್ಜಿಗೆ ಹೇಳಿದಾಗ ಅವರು ಎಲೆ ಅಡಿಕೆ ಜಗಿಯುತ್ತ, "ಹೊಳೆ ಉಬ್ಬಿದರೆ ಬಾವಿಯೂ ಉಬ್ತದೆ. ನೀನು ಕೇಳಿದ್ದರೆ ಹೇಳ್ತಿದ್ದೆ" ಎಂದರಂತೆ. ಖರ್ಚು: ಟೇಪಿನ ಹದಿನೈದು ರೂಪಾಯಿ. ಪಕ್ಕದ ಪಂಪಿನಿಂದ ಏನೂ ಆಗುತ್ತಿಲ್ಲ ಎಂದೂ ಇದರಿಂದ ತೀರ್ಮಾನ ಆಗಲಿಲ್ಲ, ಅದನ್ನು ಬೇರೆಯೇ ಅಳೆಯಬೇಕು. ಮಾತು ನಿಲ್ಲಿಸುವುದು ಮಾತ್ರ ಸದ್ಯಕ್ಕೆ ತಪ್ಪಿತು.

ಗೂಗಲ್ ಫಾರ್ಮಿನಲ್ಲಿ ಸರ್ವೆ ಮಾಡಿದ್ದೇವೆ, 112 ಜನ ಉತ್ತರ ಕೊಟ್ಟಿದ್ದಾರೆ. ಸಾಕಲ್ಲ?

ಯಾವ 112 ಜನ? ನಿಮ್ಮ ಕ್ಲಾಸ್ ಗ್ರೂಪು, ಅಕ್ಕನ ಆಫೀಸ್ ಗ್ರೂಪು, ಅಷ್ಟೇ ತಾನೆ. ವಿಷಯ 'ಕರಾವಳಿಯ ಜನರ ಮೀನು ಸೇವನೆ' ಎಂದು ಇಟ್ಟಿದ್ದೀರಿ. ಮಲ್ಪೆ ಬಂದರಿನ ದಕ್ಕೆಯಲ್ಲಿ ಮೀನಿನ ಬುಟ್ಟಿ ಇಟ್ಟು ಕೂತ ಹೆಂಗಸರಲ್ಲಿ ಒಬ್ಬರೂ ನಿಮ್ಮ ಫಾರ್ಮ್ ತುಂಬಿಲ್ಲ. ಲೆಕ್ಕ ದೊಡ್ಡದಾದರೆ ಈ ದೋಷ ಹೋಗುವುದಿಲ್ಲ, 1,112 ಆದರೂ ಅದೇ ಗ್ರೂಪಿನವರೇ.

ಪ್ರಶ್ನೆಗಳನ್ನೂ ಒಮ್ಮೆ ಓದಿಕೊಳ್ಳಿ. 'ಮೊಬೈಲಿನಿಂದ ಯುವಜನತೆ ಹಾಳಾಗುತ್ತಿದೆ ಎಂಬುದನ್ನು ನೀವು ಒಪ್ಪುತ್ತೀರಾ?' ಇದು ಇನ್ನೊಂದು ತಂಡದ ಫಾರ್ಮಿನಲ್ಲಿ ನಿಜವಾಗಿ ಇದ್ದ ಪ್ರಶ್ನೆ. ಉತ್ತರವನ್ನು ಬಾಯಿಗಿಟ್ಟು ನುಂಗಲು ಹೇಳಿದ ಹಾಗಾಯಿತು. 'ನಿನ್ನೆ ಮೊಬೈಲಿನಲ್ಲಿ ಎಷ್ಟು ಹೊತ್ತು ಕಳೆದಿರಿ, ಯಾವುದಕ್ಕೆ?' ಎಂದು ಕೇಳಿದ್ದರೆ ಏನಾದರೂ ತಿಳಿಯುತ್ತಿತ್ತು.

ಮಾಹಿತಿ ಎಲ್ಲಿ ಸಿಗ್ತದೆ? ಗೂಗಲ್ ಮಾಡಿದ್ರೆ ಬರೀ ಜಾಹೀರಾತು.

ಭಾರತದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳು ಶೋಧಗಂಗಾ ಎಂಬ ಜಾಲತಾಣದಲ್ಲಿ ಉಚಿತ, ಕನ್ನಡದವೂ ಉಂಟು. ಲೇಖನಗಳಿಗೆ ಗೂಗಲ್ ಸ್ಕಾಲರ್. ಮಳೆಯ ಲೆಕ್ಕ ಬೇಕಿದ್ದರೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯತ್ ಮಟ್ಟದವರೆಗೆ ಮಳೆಮಾಪಕ ಇಟ್ಟಿದೆ. ಸರಕಾರಿ ಕಡತದಲ್ಲಿ ಇರುವಂಥದ್ದಕ್ಕೆ 2005ರ ಮಾಹಿತಿ ಹಕ್ಕು ಕಾಯಿದೆ: ಅರ್ಜಿಗೆ 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡಬೇಕು. ಅರ್ಜಿಯಲ್ಲಿ 'ಯಾಕೆ' ಎಂದು ಕೇಳಬೇಡಿ, 'ಇಂಥ ದಾಖಲೆಯ ಪ್ರತಿ ಕೊಡಿ' ಎಂದು ಕೇಳಿ.

ಪ್ಲೇಜಿಯರಿಸಂ 10 ಪರ್ಸೆಂಟ್ ಒಳಗೆ ಬಂದ್ರೆ ಆಯ್ತಲ್ಲ?

ಕೃತಿಚೌರ್ಯದ ಬಗ್ಗೆ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದಲ್ಲಿ 10 ಶೇಕಡಾದವರೆಗಿನ ಹೋಲಿಕೆಗೆ ದಂಡನೆ ಇಲ್ಲ ಎಂದಿದೆ, ಅದು ನಿಜ. ಅದನ್ನು ನಮ್ಮವರು '10 ಶೇಕಡಾ ಕದಿಯಬಹುದು' ಎಂದು ಓದಿಕೊಂಡರು. ತಂತ್ರಾಂಶ ನೋಡುವುದು ಪದಗಳ ಹೋಲಿಕೆಯನ್ನು. ಇನ್ನೊಬ್ಬರ ಯೋಚನೆಯನ್ನು ಪದ ಬದಲಿಸಿ ಎತ್ತಿಕೊಂಡರೆ ಅದಕ್ಕೆ ಸೊನ್ನೆ ಬರಬಹುದು, ಕಳ್ಳತನ ಮಾತ್ರ ನೂರಕ್ಕೆ ನೂರು. ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಸಿದ್ಧ ಪ್ರಾಜೆಕ್ಟ್ ಸಿಗುವುದೂ ನಮಗೆ ಗೊತ್ತಿದೆ. ಒಮ್ಮೆ ಒಂದೇ ಬ್ಯಾಚಿನಲ್ಲಿ ಮೂವರ ಕೃತಜ್ಞತೆಯ ಪುಟದಲ್ಲಿ ಒಬ್ಬನೇ ಅಣ್ಣನ ಹೆಸರಿತ್ತು, ಆ ಮೂವರಲ್ಲಿ ಇಬ್ಬರಿಗೆ ಅಣ್ಣನೇ ಇಲ್ಲ.

ಮಗಳು ಪಿಎಚ್‌ಡಿ ಅಂತಾಳೆ. ಅದು ಮಾಡಿ ಎಂತ ಸಿಗ್ತದೆ ಮೇಡಂ?

ಅಮ್ಮಂದಿರ ಪ್ರಶ್ನೆ ಇದು, ಸಿಟ್ಟಾಗಬೇಡಿ ಮಕ್ಕಳೇ, ನ್ಯಾಯವಾದ ಪ್ರಶ್ನೆ. ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ಜೆಆರ್‌ಎಫ್ (ಸಂಶೋಧನಾ ವೇತನ) ಸಿಕ್ಕಿದರೆ 2023ರಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ಮೇಲೆ 42,000. ಸಿಗದಿದ್ದರೆ ಪಾರ್ಟ್‌ಟೈಮ್ ಪಾಠ, ಮನೆಯವರ ಸಹಾಯ, ಸಾಕಷ್ಟು ತಾಳ್ಮೆ. ಖಾಯಂ ಅಧ್ಯಾಪಕ ಹುದ್ದೆ ಕಡಿಮೆ. ಐದಾರು ವರ್ಷ ಹೋಗುತ್ತದೆ, ಆ ಹೊತ್ತಿಗೆ ಜತೆಯವರು ಬೆಂಗಳೂರಿನಲ್ಲೋ ಗಲ್ಫಿನಲ್ಲೋ ಸಂಬಳ ಎಣಿಸಿ ಮನೆ ಕಟ್ಟಿರುತ್ತಾರೆ.

ಆದರೆ ಸಂಶೋಧನೆಗೆ ಊರು ಬಿಡಲೇಬೇಕು ಎಂಬುದು ತಪ್ಪು ಲೆಕ್ಕ. ಕೊಣಾಜೆಯಲ್ಲಿ 1980ರಿಂದ ವಿಶ್ವವಿದ್ಯಾಲಯ, ಸುರತ್ಕಲ್‌ನಲ್ಲಿ ಎನ್‌ಐಟಿಕೆ ಎಂಬ ಎಂಜಿನಿಯರಿಂಗ್ ಸಂಸ್ಥೆ, ಮಣಿಪಾಲದ ವಿಶ್ವವಿದ್ಯಾಲಯ, ಮಂಗಳೂರಿನ ಮೀನುಗಾರಿಕಾ ಕಾಲೇಜು, ಅಡಿಕೆ ಕೊಕ್ಕೋಗಳಿಗೆ ವಿಟ್ಲದ ಕೇಂದ್ರ. ಒಂದು ಸಿಟಿ ಬಸ್ಸು, ಒಂದು ಸರ್ವಿಸ್ ಬಸ್ಸು ಹಿಡಿದರೆ ಮುಟ್ಟುವಷ್ಟು ಹತ್ತಿರ. ಮಗಳನ್ನು ಒಂದು ಪ್ರಶ್ನೆ ಕೇಳಿ: ಯಾವ ವಿಷಯ, ಅದರಲ್ಲಿ ನಿನಗೆ ತಿಳಿಯಬೇಕಾದದ್ದು ಏನು? ಎರಡು ವಾಕ್ಯದಲ್ಲಿ ಹೇಳಿದಳೋ, ಕಳಿಸಿ. 'ಹೆಸರಿನ ಹಿಂದೆ ಡಾಕ್ಟರ್ ಬರ್ತದೆ' ಎಂದರೆ ಇನ್ನೊಂದು ವರ್ಷ ಕಾಯಿರಿ.

ತಜ್ಞರೇ ಒಬ್ಬರ ಮಾತು ಒಬ್ಬರು ಒಪ್ಪುದಿಲ್ಲ. ಮತ್ತೆ ಯಾರನ್ನು ನಂಬುದು?

ಅವರು ಯಾವುದರಲ್ಲಿ ಒಪ್ಪುವುದಿಲ್ಲ ಎಂದು ಮೊದಲು ನೋಡಿ. ಬೂತಾಯಿ ಮೀನನ್ನೇ ತೆಗೆದುಕೊಳ್ಳಿ. ಕೆಲವು ವರ್ಷ ಬುಟ್ಟಿಗಟ್ಟಲೆ, ಕೆಲವು ವರ್ಷ ಕಣ್ಣಿಗೆ ಹಾಕಲೂ ಇಲ್ಲ. ಮುಂಗಾರಿನಲ್ಲಿ ಆಳದ ತಂಪು ನೀರು ಮೇಲೆ ಬಂದು ಸಸ್ಯಪ್ಲವಕ (ನೀರಿನಲ್ಲಿ ತೇಲುವ ಅತಿ ಸಣ್ಣ ಸಸ್ಯ) ಬೆಳೆಯುವುದು, ಆ ಮೇವಿನ ಮೇಲೆ ಬೂತಾಯಿ ನಿಂತಿರುವುದು, ಸಣ್ಣ ಮರಿಗಳನ್ನೇ ಬಾಚಿದರೆ ಪೀಳಿಗೆ ಬಡವಾಗುವುದು, ಇದರಲ್ಲೆಲ್ಲ ಜಗಳ ಇಲ್ಲ. ಇಂಥ ವರ್ಷ ಮೀನು ಕಡಿಮೆ ಆದದ್ದರಲ್ಲಿ ಪೆಸಿಫಿಕ್ ಕಡಲು ಬಿಸಿಯಾಗುವ ಎಲ್ ನಿನೋದಂಥ ಹವೆಯ ಪಾಲು ಎಷ್ಟು, ನಮ್ಮ ಬಲೆಯ ಪಾಲು ಎಷ್ಟು ಎಂಬಲ್ಲಿ ಜಗಳ. ಟಿವಿ ಚರ್ಚೆಯಲ್ಲಿ ಎರಡನೆಯದು ಮಾತ್ರ ಕೇಳಿಸುತ್ತದೆ. 'ಅವರಿಗೇ ಗೊತ್ತಿಲ್ಲ' ಎಂದು ಕೈ ತೊಳೆದುಕೊಂಡರೆ ಜೂನ್ ಜುಲೈಯ 61 ದಿನದ ಯಾಂತ್ರಿಕ ಮೀನುಗಾರಿಕೆ ನಿಷೇಧ ಯಾಕೆ ಬೇಕು ಎಂಬುದಕ್ಕೂ ಉತ್ತರ ಇಲ್ಲದೆ ಹೋಗುತ್ತದೆ.

ಇನ್ನೊಂದು ಸಣ್ಣ ಗುರುತು: ಯಾವ ಸಂಗತಿ ಸಿಕ್ಕಿದರೆ ತನ್ನ ಅಭಿಪ್ರಾಯ ಬದಲಾಗುತ್ತದೆ ಎಂದು ಹೇಳಬಲ್ಲ ತಜ್ಞರಿಗೆ ಎರಡು ಅಂಕ ಹೆಚ್ಚು ಕೊಡಿ.

ನಾನು ನಂಬಿದ್ದೇ ತಪ್ಪು ಅಂತ ಗೊತ್ತಾದ್ರೆ ಎಂತ ಮಾಡ್ಬೇಕು? ನಾಚಿಕೆ ಆಗ್ತದಲ್ಲ.

ಆಗುತ್ತದೆ, ನನಗೂ ಆಗಿದೆ. 'ಗಾಜು ಒಂದು ದ್ರವ, ಬಹಳ ನಿಧಾನವಾಗಿ ಹರಿಯುತ್ತದೆ, ಅದಕ್ಕೇ ಹಳೆಯ ಚರ್ಚುಗಳ ಕಿಟಕಿ ಗಾಜು ಕೆಳಗಡೆ ದಪ್ಪ' ಎಂದು ಒಂಬತ್ತು ವರ್ಷ ಪಾಠ ಮಾಡಿದೆ. ನನಗೆ ನನ್ನ ಮೇಷ್ಟ್ರು ಹೇಳಿದ್ದು. ಮಕ್ಕಳಿಗೆ ಬಹಳ ಹಿಡಿಸುತ್ತಿತ್ತು, ನನಗೂ. ಹತ್ತನೇ ವರ್ಷ ಒಬ್ಬ ವಿದ್ಯಾರ್ಥಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, ಒಳಗೆ ಬರಲೋ ಬೇಡವೋ ಎನ್ನುವಂತೆ, ಪ್ರಿಂಟ್ ತೆಗೆದ ನಾಲ್ಕು ಹಾಳೆ ಚಾಚಿದ. ಆ ಗಾಜುಗಳು ತಯಾರಾಗುವಾಗಲೇ ಏರುಪೇರು, ಕೂರಿಸುವವರು ಹೆಚ್ಚಾಗಿ ದಪ್ಪ ಅಂಚನ್ನು ಕೆಳಗೆ ಇಡುತ್ತಿದ್ದರು. ಕೋಣೆಯ ಬಿಸಿಯಲ್ಲಿ ಗಾಜು ನೂರಾರು ವರ್ಷಕ್ಕೂ ಕಣ್ಣಿಗೆ ಕಾಣುವಷ್ಟು ಹರಿಯುವುದಿಲ್ಲ.

ಮರುದಿನ ತರಗತಿಯಲ್ಲಿ ಅವನನ್ನೇ ನಿಲ್ಲಿಸಿ ಹೇಳಿಸಿದೆ. ನೋಟ್ಸಿನ ಆ ಸಾಲಿಗೆ ಗೀಟು ಹಾಕಿ ತಾರೀಕು ಬರೆದೆ. ಹಿಂದಿನ ಒಂಬತ್ತು ಬ್ಯಾಚಿನವರನ್ನು ಎಲ್ಲಿ ಹುಡುಕಲಿ? ನಂಬರು ಇದ್ದ ಕೆಲವರಿಗೆ ಫೋನ್ ಮಾಡಿದೆ. ಅವರಲ್ಲಿ ಒಬ್ಬಳು ಕಾರ್ಕಳದ ಕಡೆ ಹೈಸ್ಕೂಲ್ ಟೀಚರ್. ವಿಷಯ ಹೇಳಿದೆ. ಆಚೆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ, ಆಮೇಲೆ ಜೋರು ನಗು. "ಅಯ್ಯೋ ಮೇಡಂ, ನಿನ್ನೆಯಷ್ಟೇ ಎಂಟನೇ ಕ್ಲಾಸಿಗೆ ಅದನ್ನು ಹೇಳಿ ಬಂದೆನಲ್ಲ!"